ಐವತ್ತು ಚದರಡಿ

ನಾಳೆ ಅಳೆಯುವವರು ಬರುತ್ತಾರಂತೆ.
ಮೊಫಿಜುಲ್ ಹೇಳಿದ, ಬೂಟು ಬಿಚ್ಚುತ್ತ.
ಯಾರೂ ನಂಬಲಿಲ್ಲ.
ಬಿಸಿನೀರು ಬರುತ್ತದೆ ಅಂತಲೂ
ಅವನೇ ಹೇಳಿದ್ದು, ಹೋದ ಚಳಿಗಾಲ.

ಹಡಗಿನ ಕಬ್ಬಿಣದ ಡಬ್ಬಕ್ಕೆ ಬಾಗಿಲು ಕೊರೆದು
ಮನೆ ಎಂದು ಹೆಸರಿಟ್ಟದ್ದು ನಮ್ಮದು.
ಹಾಸಿಗೆ ಎಂಟು, ಜನ ಹದಿನಾರು.
ಇಬ್ಬರಿಗೆ ಜಗಳವಾಡಬೇಕೆನ್ನಿಸಿದರೆ
ಹೊರಗೆ ಹಿಮದಲ್ಲಿ ಆಡಿ ಬರಬೇಕು.
ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿವೆ;
ನಮ್ಮ ಪೈಕಿ ಬೀಗವಿರುವ ಕೋಣೆ
ಅವಕ್ಕೆ ಮಾತ್ರ.

ನನಗೂ ಸಿರಿಪಾಲನಿಗೂ ಒಂದೇ ಹಾಸಿಗೆ.
ಅವನು ಎದ್ದು ಹೋದ ಮೇಲೆ ನಾನು ಮಲಗುವುದು,
ನಾನೆದ್ದ ಮೇಲೆ ಅವನು.
ಎರಡು ವರ್ಷದಲ್ಲಿ ಅವನ ಮುಖಕ್ಕಿಂತ
ಅವನು ಬಿಟ್ಟುಹೋದ ಬಿಸುಪೇ ನನಗೆ ಪರಿಚಯ.

ನಮ್ಮ ರೋಲ್ಪಾದ ಹೊಳೆ
ಬೆಟ್ಟ ಇಳಿದಂತೆಲ್ಲ ಹಿಗ್ಗುತ್ತದೆ.
ಸಂಬಳ ಮಾತ್ರ ಬಯಲಿಗೆ ಬರುತ್ತ ಬತ್ತಿತು:
ಕಠ್ಮಂಡುವಿನಲ್ಲಿ ಸಾವಿರ ಡಾಲರು,
ದುಬೈ ತಲುಪುವಾಗ ಆರುನೂರು,
ಈ ವಿಮಾನನೆಲೆಯ ಗೇಟಿನೊಳಗೆ ನಾನೂರು.
ಕೇಳಿದರೆ ಎರ್ಗುನ್ ಸಾಹೇಬ ಸೀದಾ ಗೇಟು ತೋರಿಸುತ್ತಾನೆ.
ಗೇಟಿನಾಚೆ ಅಫ್ಘಾನಿಸ್ತಾನ.

ದಿನಕ್ಕೆ ಹನ್ನೆರಡು ಗಂಟೆ ಒಗೆಯುತ್ತೇವೆ.
ಸಿಪಾಯಿಗಳ ಜೇಬಿನಲ್ಲಿ ಮರಳು, ಚೂಯಿಂಗ್ ಗಮ್ಮು,
ಒಮ್ಮೆ ಒಂದು ಹಾಲುಹಲ್ಲು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.
ಯಾರ ಮಗುವಿನದೋ. ಒಣಗಿದ ಅಂಗಿಯ ಜೇಬಿಗೇ
ವಾಪಸು ಹಾಕಿ ಗುಂಡಿ ಹಾಕಿದೆ.
ಸೈರನ್ ಕೂಗಿದರೆ ಆ ಅಂಗಿಗಳು
ಕಾಂಕ್ರೀಟಿನೊಳಕ್ಕೆ ಓಡುತ್ತವೆ.
ನಾವು ಮಂಚದಡಿಗೆ.

ಅಳೆಯುವವರು ನಿಜಕ್ಕೂ ಬಂದರು.
ಒಬ್ಬೊಬ್ಬನಿಗೆ ಐವತ್ತು ಚದರಡಿ, ಅದು ಕಾಯಿದೆ.
ನಮ್ಮ ಡಬ್ಬ ನೂರಾ ಅರವತ್ತು.
ಎರ್ಗುನ್ ಬೆಳಗ್ಗೆಯೇ ಬೆರಳು ಮಡಿಸಿ ಲೆಕ್ಕ ಹಾಕಿದ.
ಮೂರು ಹಾಸಿಗೆ ಉಳಿದವು, ಮೂವರು ಉಳಿದರು
(ಮೊಫಿಜುಲ್: ಅವನಿಗೆ ಇಂಗ್ಲಿಷು ಬರುತ್ತದೆ, ಕೆಮ್ಮಿಲ್ಲ).
ಕಿಟಕಿಗೆ ಎಲ್ಲಿಂದಲೋ ಒಂದು ಪರದೆ ಬಂತು.
ಉಳಿದ ಹದಿಮೂರು ಜನರನ್ನು
ಬಟ್ಟೆ ಒಣಗಿಸುವ ಕೋಣೆಗೆ ತಳ್ಳಿ
ಹೊರಗಿನಿಂದ ಅಗುಳಿ ಹಾಕಿದ.

ಅಯ್ಯೋ, ಆ ಬೆಚ್ಚಗೆ!
ಕಾರ್ತಿಕದಿಂದೀಚೆಗೆ ನನ್ನ ಕಾಲ್ಬೆರಳು
ನನ್ನವೆಂದು ಗೊತ್ತಾದದ್ದು ಆವತ್ತೇ.
ಯಂತ್ರಗಳು ಗುರುಗುಟ್ಟುತ್ತಿದ್ದವು.
ಆಗಷ್ಟೇ ಹೊರತೆಗೆದ ಸಮವಸ್ತ್ರಗಳ ರಾಶಿ, ಬಿಸಿ ಬಿಸಿ.
ಜೋಖು ಥಾರು ಮೊದಲು ಬಿದ್ದ,
ಬಿದ್ದವನೇ ಗೊರಕೆ.
ಮತ್ತೆ ಒಬ್ಬೊಬ್ಬರಾಗಿ ಎಲ್ಲರೂ.
ಯಾರದೋ ಹೆಸರು ಹೊಲಿದ ಎದೆಗಳನ್ನು
ಕತ್ತಿನ ತನಕ ಎಳೆದುಕೊಂಡೆವು.

ಪಕ್ಕದಲ್ಲಿ ಸಿರಿಪಾಲ.
ಇಬ್ಬರೂ ಒಟ್ಟಿಗೆ ಮಲಗಿದ್ದು ಅದೇ ಮೊದಲು.
ಎಡಗೈಯವನು, ಮಾತು ಮೆಲ್ಲಗೆ,
ಕಿವಿಯ ಹಿಂದೆ ಸುಟ್ಟ ಕಲೆ. ಏನೂ ಗೊತ್ತಿರಲಿಲ್ಲ ನನಗೆ.
ಹರಕು ಹಿಂದಿಯಲ್ಲಿ ಅಂದ:
ನೀನು ಇನ್ನೂ ಉದ್ದ ಅಂದುಕೊಂಡಿದ್ದೆ,
ಹಾಸಿಗೆಯ ತಗ್ಗು ನೋಡಿ.
ಆ ತಗ್ಗು ನಿನ್ನದಲ್ಲವಾ, ಅಂದೆ.
ಇಬ್ಬರದೂ ಅಲ್ಲ. ನಮಗಿಂತ ಮುಂಚೆ
ಅಲ್ಲಿ ಯಾರು ಮಲಗುತ್ತಿದ್ದ?
ಗೊತ್ತಿಲ್ಲ. ನಗು ಬಂತು.
ನಗುತ್ತ ನಗುತ್ತ ನಿದ್ದೆ.

ಅಳೆದವಳು ಹೆಂಗಸಂತೆ, ಕಿವಿಗೆ ಪೆನ್ಸಿಲು ಸಿಕ್ಕಿಸಿದವಳು.
ಟೇಪಿನ ಒಂದು ತುದಿ ಮೊಫಿಜುಲನ ಕೈಗೇ ಕೊಟ್ಟಳಂತೆ.
ಬಿಸಿನೀರು ಬರುತ್ತದಾ ಎಂದು ಕೇಳಿದಳಂತೆ.
ಎರ್ಗುನ್ ಗೋಡೆ ನೋಡುತ್ತಿದ್ದ.
ಬರುತ್ತದೆ, ಅಂದನಂತೆ ಇವನು.
ಹೇಳುವಾಗ ಅವನ ಕಣ್ಣು
ನಮ್ಮ ಕಡೆ ಇರಲಿಲ್ಲ.
ನಾವೂ ಏನೂ ಅನ್ನಲಿಲ್ಲ.

ಸಂಜೆ ಹಾಸಿಗೆಗಳು ಮರಳಿದವು, ಪರದೆ ಹೋಯಿತು.

ತಿಂಗಳ ಕೊನೆಗೆ ಚೀಟಿ.
ಕೆಲಸಕ್ಕೆ ಗೈರು, ಎರಡು ಗಂಟೆ.
ಕಡಿತ, ಎರಡು ಡಾಲರು ಇಪ್ಪತ್ತು ಸೆಂಟು.
ಜೋಖು ಕಾರಿ ಉಗಿದ.
ಸಿರಿಪಾಲ ಚೀಟಿಯನ್ನು ದೀಪಕ್ಕೆ ಹಿಡಿದು
ಎರಡು ಸಲ ಓದಿದ.
ಆ ನಿದ್ದೆಗೆ ಇಷ್ಟೇನಾ?
ಅಗ್ಗ, ಅಂದ;
ಟೋಪಿ ಹಾಕಿಕೊಂಡು ಪಾಳಿಗೆ ಹೊರಟ.

ನಾನು ಅವನ ಬಿಸುಪಿನಲ್ಲಿ ಮಲಗಿದೆ.
ಈ ಸಲ ಅದಕ್ಕೊಂದು ಎಡಗೈ ಇತ್ತು.